ಮಳೆ ಬಂದರೆ ಬಚ್ಚಲಲ್ಲಿ ಗಲೀಜು ಉಕ್ಕುತ್ತದೆ: ಆಸಿಡ್ ಬೇಡ, ಚೇಂಬರ್ ಮುಚ್ಚಳ ತೆಗೆಯಿರಿ

ಪ್ರಶ್ನೆ: ಮೈಸೂರಿನ ವಿದ್ಯಾರಣ್ಯಪುರಂನಲ್ಲಿ 30–40 ಸೈಟಿನ ಮನೆ ನಮ್ಮದು. ಮಾವನವರು 1986ರಲ್ಲಿ ಕಟ್ಟಿಸಿದ್ದು. ಕೆಳಗೆ ನಾವು ನಾಲ್ಕು ಜನ, ಮೇಲೆ ಬಾಡಿಗೆಯವರು ನಾಲ್ಕು ಜನ. ಮಹಡಿ ಎಬ್ಬಿಸಿದಾಗ ತಾರಸಿ ನೀರು ಅಂಗಳದಲ್ಲಿ ನಿಲ್ಲುತ್ತದೆ ಅಂತ ಆ ಪೈಪನ್ನು ಚೇಂಬರಿಗೇ ಕೊಟ್ಟಿದ್ದಾರೆ. ಮೂರು ವರ್ಷದಿಂದ ಜೋರು ಮಳೆ ಬಂದಾಗಲೆಲ್ಲ ಕೆಳಗಿನ ಬಚ್ಚಲಲ್ಲಿ ಗಲೀಜು ನೀರು ಉಕ್ಕುತ್ತದೆ. ಮಳೆ ಇಲ್ಲದಾಗಲೂ ಅಡುಗೆಮನೆ ಸಿಂಕ್ ಕಟ್ಟಿಕೊಳ್ಳುತ್ತದೆ. ಪ್ಲಂಬರ್ ಬಂದು ಆಸಿಡ್ ಸುರಿದು ಹೋಗುತ್ತಾರೆ, ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ಪಕ್ಕದ ಮನೆಯವರು, ‘ಅಡುಗೆಮನೆ ನೀರು, ಬಟ್ಟೆ ಒಗೆದ ನೀರು ಮುಂದಿನ ಮೋರಿಗೆ ಬಿಟ್ಟುಬಿಡಿ, ಅರ್ಧ ಭಾರ ಇಳಿಯುತ್ತೆ’ ಅನ್ನುತ್ತಾರೆ. ಬಿಡಬಹುದೇ? ಈಚೆಗೆ ನಲ್ಲಿ ನೀರು ಬಿಟ್ಟ ತಕ್ಷಣ ಸ್ವಲ್ಪ ಹೊತ್ತು ವಾಸನೆ ಬರುತ್ತದೆ. ಇದನ್ನೆಲ್ಲ ಪಾಲಿಕೆಗೆ ಹೇಳಬೇಕೋ, ನಾವೇ ಮಾಡಿಸಿಕೊಳ್ಳಬೇಕೋ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ, ಅಮ್ಮ. ಮಳೆಗಾಲದ ತೊಂದರೆಗೆ ಉತ್ತರ ಅದರೊಳಗೇ ಇದೆ. ಮಾತಿನ ನಡುವೆ ಸುಮ್ಮನೆ ಹೇಳಿ ಮುಂದೆ ಹೋಗಿದ್ದೀರಿ: ತಾರಸಿ ಪೈಪನ್ನು ಚೇಂಬರಿಗೆ, ಅಂದರೆ ಮನೆಯ ಕೊಳಚೆ ಪೈಪುಗಳು ಕೂಡಿ ಬೀದಿಯ ಒಳಚರಂಡಿಗೆ ಹೋಗುವ ಗುಂಡಿಗೆ, ಕೊಟ್ಟಿದ್ದಾರೆ ಅಂತ.

ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು, ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಅಂತ ಹಿಡಿದುಕೊಂಡೇ ನಾವು ಒಳಚರಂಡಿ ಪೈಪಿನ ಗಾತ್ರ ಗೊತ್ತುಮಾಡುವುದು. ನಿಮ್ಮ ಮನೆಯ ಎಂಟು ಜನರಿಂದ ಇಡೀ ದಿನಕ್ಕೆ ಹೆಚ್ಚುಕಮ್ಮಿ 860 ಲೀಟರ್. ಈಗ ತಾರಸಿಗೆ ಬನ್ನಿ. 900 ಚದರಡಿ ಅಂದುಕೊಂಡರೂ ಒಂದಿಂಚು ಮಳೆಗೆ 2,100 ಲೀಟರ್ ನೀರು ಬೀಳುತ್ತದೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೊತೆ ಬರುವ ಭರಣಿ, ಕೃತ್ತಿಕೆ ಮಳೆ ಒಂದಿಂಚು ಸುರಿಯಲು ಒಂದು ಗಂಟೆಯೂ ಬೇಡ. ಎರಡೂವರೆ ದಿನದಲ್ಲಿ ಹೋಗಬೇಕಾದಷ್ಟು ನೀರನ್ನು ಒಂದು ಗಂಟೆಯಲ್ಲಿ ಆ ಪೈಪಿಗೆ ತುರುಕುತ್ತಿದ್ದೀರಿ. ನೀವೊಬ್ಬರೇ ಅಲ್ಲ, ನಿಮ್ಮ ಬೀದಿಯಲ್ಲಿ ಹತ್ತು ಮನೆಯವರಾದರೂ ಇದನ್ನೇ ಮಾಡಿರುತ್ತಾರೆ. ಬೀದಿಯ ಲೈನ್ ತುಂಬಿ ಹಿಂದಕ್ಕೆ ಒತ್ತಿದಾಗ ನೀರು ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಹಳೇ ಮನೆ, ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಎತ್ತರವಾಗಿರುತ್ತದೆ. ಆ ತಗ್ಗಿನ ಬಾಯಿ ನಿಮ್ಮ ಬಚ್ಚಲಿನ ನಹನಿ ಟ್ರ್ಯಾಪ್, ಅಂದರೆ ನೆಲದ ನೀರು ಇಳಿಯುವ ಜಾಲರಿ ಬಾಯಿ.

ಮೋರಿ ಬೇರೆ, ಯುಜಿಡಿ ಅಂದರೆ ಒಳಚರಂಡಿ ಬೇರೆ. ಎಷ್ಟೋ ಜನಕ್ಕೆ, ಮನೆ ಕಟ್ಟಿಸುವ ಮೇಸ್ತ್ರಿಗಳಿಗೂ ಸೇರಿ, ಎರಡೂ ಕೊನೆಗೆ ಒಂದೇ ಕಡೆ ಹೋಗುತ್ತವೆ ಅನ್ನುವ ನಂಬಿಕೆ ಇದೆ. ಇಲ್ಲ. ಮೋರಿ ಇರುವುದು ಮಳೆ ನೀರಿಗೆ. ಅದು ಎಲ್ಲೂ ಶುದ್ಧವಾಗದೆ ನೇರ ಕೆರೆಗೆ ಬೀಳುತ್ತದೆ. ಯುಜಿಡಿ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಮೈಸೂರಿನ ಮೂರು ಹಳೇ ಘಟಕಗಳಲ್ಲಿ ದೊಡ್ಡದು ನಿಮ್ಮ ಬಡಾವಣೆಯ ಬದಿಯಲ್ಲೇ ಇದೆ, ನೀವೆಲ್ಲ ಸೂಯೇಜ್ ಫಾರಂ ಅಂತ ಮೂಗು ಮುಚ್ಚಿಕೊಳ್ಳುವ ಜಾಗ. ದಿನಕ್ಕೆ 67.65 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ರಾಯನಕೆರೆಯದು 60, ಕೆಸರೆಯದು 30. ಅಲ್ಲಿ ಕೆಲಸ ಮಾಡುವುದು ಯಂತ್ರಕ್ಕಿಂತ ಹೆಚ್ಚಾಗಿ ಬ್ಯಾಕ್ಟೀರಿಯಾ. ಗಾಳಿ ಕೊಟ್ಟು, ಹೊತ್ತು ಕೊಟ್ಟು ಅವುಗಳಿಗೆ ಕೊಳಚೆ ತಿನ್ನಿಸಬೇಕು. ಮಳೆ ನೀರು ನುಗ್ಗಿದರೆ ಆ ಹೊತ್ತು ಸಿಗುವುದಿಲ್ಲ. ದಾರಿಯಲ್ಲೇ ಮ್ಯಾನ್‌ಹೋಲ್ ಮುಚ್ಚಳ ಎತ್ತಿಕೊಂಡು ಉಕ್ಕಿದ್ದಂತೂ ಪಕ್ಕದ ಮೋರಿಗೇ ಸೇರುವುದು.

ನೆರೆಮನೆಯವರ ಸಲಹೆಯ ಹಿಂದಿರುವ ವಾದ ನನಗೆ ಗೊತ್ತು: ಕಕ್ಕಸಿನ ನೀರಲ್ಲವಲ್ಲ, ಬರೀ ಪಾತ್ರೆ ತೊಳೆದ ನೀರು ತಾನೆ. ಆದರೆ ಕೆರೆಯ ಮಟ್ಟಿಗೆ ಪಾತ್ರೆ ತೊಳೆದ ನೀರೇನೂ ಸಾಧು ಅಲ್ಲ. ಅನ್ನ ಬಸಿದ ಗಂಜಿ, ಸಾರಿನ ಜಿಡ್ಡು, ದೋಸೆ ಹಿಟ್ಟು ತೊಳೆದ ನೀರು, ಇವನ್ನೆಲ್ಲ ಕೊಳೆಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಾಚಿ ತಿನ್ನುತ್ತವೆ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಪಾಚಿಗೂ ಅಂತರಗಂಗೆಗೂ ಅದು ಗೊಬ್ಬರ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದೂ ಉಸಿರಾಡುತ್ತದೆ. ಅದಕ್ಕೇ ಕೊಳಚೆ ಸೇರಿದ ಕೆರೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುವುದು ಬೆಳಗಿನ ಜಾವ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ವಾಕಿಂಗ್ ಮಾಡಿದ ಹಳಬರನ್ನು ಕೇಳಿ, ಮಳೆ ನೀರಿನ ದಾರಿಯಲ್ಲಿ ಕೊಳಚೆ ಬಂದು ಸೇರುತ್ತಿದ್ದ ಕಾಲದ ವಾಸನೆ ಅವರಿಗೆ ನೆನಪಿರುತ್ತದೆ.

ಮೈಸೂರು ಕೂತಿರುವುದು ದಿಣ್ಣೆಯ ಮೇಲೆ. ಉತ್ತರಕ್ಕೆ ಹರಿದದ್ದು ಕಾವೇರಿಗೆ, ದಕ್ಷಿಣಕ್ಕೆ ಹರಿದದ್ದು ಕಬಿನಿ ಕಡೆಗೆ. ನಿಮ್ಮ ಭಾಗದ ನೀರು ದಳವಾಯಿ ಕೆರೆಯ ದಿಕ್ಕಿನದು. ಎರಡು ನದಿಯೂ ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಅದರ ಕೆಳಗೆ ಮಳವಳ್ಳಿ ತಾಲ್ಲೂಕಿನಲ್ಲಿ ನೀರೆತ್ತಿ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಪಂಪ್ ಮಾಡುತ್ತಾರೆ. ನಿಮ್ಮ ಮಗನೋ ಮಗಳೋ ಬೆಂಗಳೂರಿನಲ್ಲಿದ್ದರೆ ಪಕ್ಕದ ಮನೆಯವರ ಸಲಹೆಯನ್ನು ಅವರಿಗೊಮ್ಮೆ ಹೇಳಿ ನೋಡಿ.

ಹಾಗಾದರೆ ಎಲ್ಲಕ್ಕಿಂತ ಮೊದಲು ಏನು ಮಾಡಬೇಕು? ನಲ್ಲಿ ನೀರಿನ ವಾಸನೆ. ಕಾಗದದ ಕೊನೆಗೆ ಬರೆದಿದ್ದೀರಿ, ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ. ನಲ್ಲಿ ನೀರು ದಿನವಿಡೀ ಬರುವುದಿಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಕೆಲವು ಸಲ ಒಳಕ್ಕೆ ಎಳೆಯುತ್ತದೆ ಕೂಡ. ಪಕ್ಕದಲ್ಲೇ ಸೋರುವ ಕೊಳಚೆ ಪೈಪಿದ್ದರೆ, ನೀರಿನ ಪೈಪಿನ ಜಾಯಿಂಟ್ ಸಡಿಲವಿದ್ದರೆ, ಆ ಒದ್ದೆ ಮಣ್ಣಿನ ಗಲೀಜು ಒಳಗೆ ಸೇರಿ ಮತ್ತೆ ನೀರು ಬಿಟ್ಟಾಗ ಮೊದಲ ಐದು ನಿಮಿಷ ನಿಮ್ಮ ನಲ್ಲಿಗೆ ಬರುತ್ತದೆ. ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಕೂರಿಸಿ ಎಳೆಯುವವರು ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಾರೆ. ನಿಮ್ಮ ಮನೆಯಲ್ಲಿ ಹಾಗೆ ಮೋಟಾರ್ ಇದ್ದರೆ ಇವತ್ತೇ ತೆಗೆಸಿ. ವಾಸನೆ ನಿಲ್ಲುವವರೆಗೆ ಕುಡಿಯುವ ನೀರು ಕುದಿಸಿಯೇ ಕುಡಿಯಿರಿ, ಮೇಲಿನ ಮನೆಯವರಿಗೂ ಹೇಳಿ. ಸಂಪು ಖಾಲಿ ಮಾಡಿಸಿ ತೊಳೆಸಿ, ಒಳಗೋಡೆಯಲ್ಲಿ ಒದ್ದೆ ಜಿನುಗು ಇದೆಯೇ ನೋಡಿಸಿ. ಸಂಪಿನ ಬಾಯಿ ಚೇಂಬರಿಗಿಂತ ತಗ್ಗಿನಲ್ಲಿದ್ದರೆ ಉಕ್ಕಿದ ದಿನ ಅದರೊಳಗೂ ಇಳಿದಿರುತ್ತದೆ. ಪಾಲಿಕೆಯ ನೀರು ಸರಬರಾಜಿನವರಿಗೆ ಲಿಖಿತ ದೂರು ಕೊಟ್ಟು ನೀರಿನ ಪರೀಕ್ಷೆ ಕೇಳಿ. ಇಲ್ಲಿ ನಾಚಿಕೆಯೂ ಬೇಡ, ದಾಕ್ಷಿಣ್ಯವೂ ಬೇಡ.

ಇನ್ನು ಚೇಂಬರ್. ಮಳೆಯಿಲ್ಲದ ಒಂದು ಬೆಳಗ್ಗೆ ಎಲ್ಲ ಮುಚ್ಚಳ ತೆಗೆಸಿ, ಅರ್ಧ ಗಂಟೆ ಗಾಳಿಯಾಡಲು ಬಿಡಿ. ಸ್ನಾನದ ಹೊತ್ತು ಕಳೆದಿರಲಿ. ಬಗ್ಗಿ ಮುಖ ಒಳಗೆ ಹಾಕಬೇಡಿ, ನಿಂತೇ ನೋಡಿ. ಗೇಟಿನ ಬಳಿಯ ಕೊನೇ ಚೇಂಬರ್ ತುಂಬಿ ನಿಂತಿದ್ದರೆ ಅಡಚಣೆ ರಸ್ತೆ ಕಡೆಗಿದೆ. ಕೊನೆಯದು ಖಾಲಿ, ಮೇಲಿನದು ತುಂಬಿದೆ ಅಂದರೆ ಎರಡರ ನಡುವಿನ ತುಂಡಿನಲ್ಲಿದೆ. ಈ ಒಂದು ನೋಟ ಸಿಕ್ಕರೆ ಪ್ಲಂಬರನ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಸರ್ವೀಸಿನಲ್ಲಿ ಕಂಡ ಪ್ರಕಾರ ಹೆಚ್ಚಿನ ಮನೆಯವರಿಗೆ ತಮ್ಮ ಮನೆಗೆ ಎಷ್ಟು ಚೇಂಬರ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಟೈಲ್ಸ್ ಹಾಕಿಸುವಾಗ ಒಂದನ್ನು ಮುಚ್ಚಿರುತ್ತಾರೆ, ಇನ್ನೊಂದರ ಮೇಲೆ ತುಳಸಿಕಟ್ಟೆ. ಲಕ್ಷ್ಮೀಪುರಂ, ಚಾಮರಾಜಪುರಂನಂಥ ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಚರಂಡಿ ಕೆಲಸಕ್ಕೆ ಅಂತಲೇ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಯಲ್ಲೇ ಲೈನ್ ಹೋಗಿರುತ್ತದೆ, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲು ಹಾಕಿಕೊಂಡವರನ್ನೂ ನೋಡಿದ್ದೇನೆ.

ಯಾವ ಪೈಪು ಎಲ್ಲಿಗೆ ಹೋಗಿದೆ ಅಂತ ತಿಳಿಯಲು ಮನೆಯಲ್ಲೇ ಔಷಧಿ ಇದೆ: ಓಕುಳಿ. ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು ಒಂದು ಬಕೆಟ್. ಅಡುಗೆಮನೆ ಸಿಂಕಿಗೆ ಒಂದು ಸಲ, ತಾರಸಿಯ ಪೈಪಿಗೆ ಒಂದು ಸಲ, ಮೇಲಿನ ಮನೆಯ ಬಚ್ಚಲಿಗೆ ಒಂದು ಸಲ ಹಾಕಿಸಿ ಕೆಳಗೆ ಒಬ್ಬರು ನಿಂತು ನೋಡಿ. ಕೆಂಪು ಯಾವ ಚೇಂಬರಿನಲ್ಲಿ ಬಂತು, ಎಷ್ಟು ಹೊತ್ತಿಗೆ ಬಂತು, ಮೋರಿಯಲ್ಲೇನಾದರೂ ಕಾಣಿಸಿತೇ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ನಿಧಾನಕ್ಕೆ ಬಂದ ಕಡೆ ಇಳಿಜಾರು ಸರಿಯಿಲ್ಲ ಅಥವಾ ಕಟ್ಟಿಕೊಂಡಿದೆ.

ಒಳಗೆ ಏನು ಕಾಣುತ್ತದೆ ಅನ್ನುವುದೂ ಮುಖ್ಯ. ಅಡುಗೆಮನೆ ಪೈಪು ಬೀಳುವ ಚೇಂಬರಿನ ಗೋಡೆಗೆ ಹಳೇ ಬಾರ್ ಸೋಪಿನಂಥ ಬೂದುಬಿಳಿ ಗಟ್ಟಿ ಕೆನೆ ಕಟ್ಟಿರುತ್ತದೆ. ಕೋಲಿನಲ್ಲಿ ಕೆರೆದರೆ ಹೆಕ್ಕಳಿಕೆಯಾಗಿ ಏಳುತ್ತದೆ. ಅದು ನಿಮ್ಮ ಎಣ್ಣೆ, ತುಪ್ಪ, ಸೋಪು ಸೇರಿ ಆದದ್ದು. ಸಿಂಕ್ ಕಟ್ಟಿಕೊಳ್ಳುವುದಕ್ಕೆ ಕಾರಣ ಇದೇ, ಮಳೆಗೂ ಇದಕ್ಕೂ ಸಂಬಂಧವಿಲ್ಲ. ಆಸಿಡ್ ಇದನ್ನು ಕರಗಿಸುವುದಿಲ್ಲ. ಆಸಿಡ್ ಕರಗಿಸುವುದು ಸಿಮೆಂಟನ್ನು. 1986ರ ಮನೆ ಅಂದರೆ ಹೊರಗಿನ ಲೈನ್ ಬಹುಶಃ ಕಂದು ಬಣ್ಣದ ಸ್ಟೋನ್‌ವೇರ್ ಪೈಪು. ಎರಡಡಿಗೊಂದು ತುಂಡು, ತುಂಡು ತುಂಡಿಗೂ ಸಿಮೆಂಟ್ ಜಾಯಿಂಟ್. ಮೂವತ್ತಡಿ ಲೈನಿಗೆ ಹದಿನೈದು ಜಾಯಿಂಟ್. ಎರಡೆರಡು ತಿಂಗಳಿಗೆ ಆಸಿಡ್ ಸುರಿದು ಆ ಜಾಯಿಂಟುಗಳನ್ನು ನೀವೇ ದುಡ್ಡು ಕೊಟ್ಟು ತಿನ್ನಿಸುತ್ತಿದ್ದೀರಿ. ಅಲ್ಲಿಂದ ಕೊಳಚೆ ಹೊರಗೆ ಸೋರುತ್ತದೆ, ಹೊರಗಿನಿಂದ ಬೇರು ಒಳಗೆ ಬರುತ್ತದೆ. ನಲ್ಲಿ ವಾಸನೆಗೂ ಇದಕ್ಕೂ ನಂಟಿದ್ದರೆ ನನಗೆ ಆಶ್ಚರ್ಯವಿಲ್ಲ. ಆಸಿಡ್ ಹಾಕಿದ ಮೇಲೆ ಬ್ಲೀಚಿಂಗ್ ಪೌಡರನ್ನಂತೂ ಯಾವತ್ತೂ ಹಾಕಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಅಪಾಯ.

ಚೇಂಬರಿನಲ್ಲಿ ಕೆಂಚು ಕೂದಲಿನಂಥ ಬೇರಿನ ಜಡೆ ಕಂಡರೆ ಜಾಯಿಂಟ್ ಬಿಟ್ಟಿದೆ ಅಂತಲೇ ಅರ್ಥ. ಹೊಂಗೆ, ಅರಳಿ ಮಾತ್ರವಲ್ಲ, ಕಾಂಪೌಂಡಿನ ತೆಂಗೂ ಈ ಕೆಲಸ ಮಾಡುತ್ತದೆ. ಮಳೆಯಿಲ್ಲದಾಗಲೂ ತಳದಲ್ಲಿ ಕೆಂಪು ಮಣ್ಣು ಶೇಖರವಾಗುತ್ತಿದ್ದರೆ ಪೈಪು ಎಲ್ಲೋ ಒಡೆದಿದೆ. ಈ ಎರಡರಲ್ಲಿ ಒಂದಿದ್ದರೂ ತೇಪೆ ಹಾಕಿಸಬೇಡಿ, ಆ ಲೈನನ್ನೇ ಪಿವಿಸಿಗೆ ಬದಲಾಯಿಸಿ. ಮನೆಯೊಳಗಿನಿಂದ ಬರುವುದಕ್ಕೆ 110 ಮಿ.ಮೀ., ಚೇಂಬರಿನಿಂದ ಮ್ಯಾನ್‌ಹೋಲಿಗೆ 160 ಮಿ.ಮೀ. ನಾಲ್ಕಿಂಚಿನ ಪೈಪಿಗೆ ನಾಲ್ಕಡಿಗೆ ಒಂದಿಂಚು ಇಳಿಜಾರು ಸಾಕು. ಮೇಸ್ತ್ರಿ ಕಣ್ಣಳತೆ ಅಂದರೆ ಒಪ್ಪಬೇಡಿ, ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿಸಿ. ಚೇಂಬರಿನ ತಳ ಚಪ್ಪಟೆಯಾಗಿದ್ದರೆ ಗಲೀಜು ಮೂಲೆಯಲ್ಲಿ ಕೂರುತ್ತದೆ. ಅರೆಗೊಳವೆಯಂಥ ಕಾಲುವೆ ಮಾಡಿ ಎರಡು ಪಕ್ಕವನ್ನೂ ಅದರ ಕಡೆಗೆ ವಾಲಿಸಿ ಗಾರೆ ಹಾಕಿಸಿ. ಗಾರೆಯವನ ಅರ್ಧ ದಿನದ ಕೆಲಸ ಅದು. ಆದರೆ ನಾನು ನೋಡಿದ ಮನೆಗಳಲ್ಲಿ ವರ್ಷಗಟ್ಟಲೆ ಕಾಡಿದ ತೊಂದರೆ ಇದೊಂದರಿಂದಲೇ ನಿಂತದ್ದಿದೆ.

ಅಡುಗೆಮನೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ. ಬಾಣಲೆ, ಒಬ್ಬಟ್ಟಿನ ತವೆ, ಒಗ್ಗರಣೆ ಸೌಟು, ಇವನ್ನು ತೊಳೆಯುವ ಮೊದಲು ಹಳೇ ಪೇಪರಿನಲ್ಲಿ ಒರೆಸಿ ಕಸಕ್ಕೆ ಹಾಕಿ. ಕರಿದು ಉಳಿದ ಎಣ್ಣೆ ಸಿಂಕಿಗೆ ಬೇಡ. ಬಿಸಿನೀರು ಹಾಕಿದರೆ ಹೋಗುತ್ತೆ ಅನ್ನುತ್ತಾರೆ. ಹೋಗುತ್ತದೆ, ಹತ್ತಡಿ ಮುಂದೆ ಹೋಗಿ ತಣ್ಣಗಾಗಿ ಅಲ್ಲಿ ಕೂರುತ್ತದೆ. ಕುದಿಯುವ ಗಂಜಿಯನ್ನು ಹಾಗೇ ಸುರಿದರೆ ಪಿವಿಸಿ ಪೈಪು ಮೆತ್ತಗಾಗಿ ಬಾಗುತ್ತದೆ. ಆರಿಸಿ, ನೀರು ಬೆರೆಸಿ ಗಿಡಕ್ಕೆ ಹಾಕಿ. ಮುದ್ದೆ ಪಾತ್ರೆಯ ತಳದ ಸೀಕು, ಟೀ ಸೊಪ್ಪು, ಪಾತ್ರೆ ಉಜ್ಜುವ ತೆಂಗಿನ ನಾರು, ಹುಣಸೆ ಸಿಪ್ಪೆ, ಎಲ್ಲಕ್ಕೂ ಸಿಂಕಿನ ಬಾಯಲ್ಲಿ ಒಂದು ಜಾಲರಿ ಸಾಕು. ಹೊರಗೆ ಗೋಡೆಯ ಬುಡದಲ್ಲಿ ಗಲ್ಲಿ ಟ್ರ್ಯಾಪ್ (ಸಿಂಕಿನ ನೀರು ಚೇಂಬರಿಗೆ ಹೋಗುವ ಮೊದಲು ಬೀಳುವ ಸಣ್ಣ ಗುಂಡಿ) ಇದ್ದರೆ ಹದಿನೈದು ದಿನಕ್ಕೊಮ್ಮೆ ಅದರ ಜಿಡ್ಡು ಎತ್ತಿಸಿ.

ಕಕ್ಕಸಿಗೆ ಪ್ಯಾಡು, ಮಕ್ಕಳ ಡೈಪರ್, ವೆಟ್ ವೈಪ್ಸ್ ಹಾಕುವಂತಿಲ್ಲ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ. ಬಾಡಿಗೆಯವರಿಗೆ ಇದನ್ನು ಹೇಳಲು ಮುಜುಗರವಾದರೆ ಬಚ್ಚಲುಮನೆಯಲ್ಲಿ ಮುಚ್ಚಳದ ಒಂದು ಡಬ್ಬ ನೀವೇ ಇಟ್ಟುಕೊಡಿ, ಮಾತು ಬೇಕಾಗುವುದಿಲ್ಲ. ದಸರೆಗೆ ಬಣ್ಣ ಹೊಡೆಸಿದಾಗ ಉಳಿದ ಪೇಂಟು, ಥಿನ್ನರ್ ಸುರಿಯಬೇಡಿ, ಆ ಬ್ಯಾಕ್ಟೀರಿಯಾಗಳಿಗೆ ಅದು ವಿಷ. ಅವಧಿ ಮುಗಿದ ಮಾತ್ರೆಯೂ ಅಷ್ಟೆ. ಫಿನಾಯಿಲ್ ಬಗ್ಗೆ ಜನ ತುಂಬ ಹೆದರುತ್ತಾರೆ. ಯುಜಿಡಿ ಇರುವ ಮನೆಯಲ್ಲಿ ನೆಲ ಒರೆಸುವಷ್ಟು ಫಿನಾಯಿಲ್‌ನಿಂದ ಏನೂ ಆಗುವುದಿಲ್ಲ. ಸೆಪ್ಟಿಕ್ ಟ್ಯಾಂಕ್ ಇದ್ದವರು ಮಾತ್ರ ಕೈ ಹಿಡಿತದಲ್ಲಿ ಬಳಸಬೇಕು.

ಸೆಪ್ಟಿಕ್ ಟ್ಯಾಂಕ್ ಅಂದೆನಲ್ಲ, ರಿಂಗ್ ರೋಡಿನಾಚೆಯ ಖಾಸಗಿ ಬಡಾವಣೆಯವರಿಗೆ, ಮಂಡ್ಯದ ಸುತ್ತಲಿನ ಹಳ್ಳಿಯವರಿಗೆ ಎರಡೇ ಮಾತು. ಎರಡು ಮೂರು ವರ್ಷಕ್ಕೊಮ್ಮೆ ಟ್ಯಾಂಕಿನ ಕೆಸರು ತೆಗೆಸಿ, ತುಂಬಿ ಉಕ್ಕಲಿ ಅಂತ ಕಾಯಬೇಡಿ. ಇಂಗುಗುಂಡಿಗೂ ಬಾವಿಗೂ 18 ಮೀಟರ್ ಅಂತರವಿರಲಿ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ. ದಾಟಿದರೆ ಕುಡಿಯಲು ಯೋಗ್ಯವಲ್ಲ, ಹಸುಗೂಸುಗಳಿಗಂತೂ ಕೊಡಲೇಬಾರದು. ಕುದಿಸಿದರೂ ಅದು ಹೋಗುವುದಿಲ್ಲ.

ಒಂದು ವಿಷಯದಲ್ಲಿ ನಾನು ಸ್ವಲ್ಪ ಗಡುಸಾಗಿಯೇ ಮಾತಾಡುತ್ತೇನೆ. ಕಟ್ಟಿಕೊಂಡಾಗ ಯಾರೋ ಒಬ್ಬರನ್ನು ಕರೆದು ಗುಂಡಿಗೆ ಇಳಿಸಬೇಡಿ. ಐದಡಿ ಚೇಂಬರಾದರೂ ಸರಿ, ಅವರೇ ಇಳಿಯುತ್ತೇನೆ ಅಂದರೂ ಸರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮ್ಯಾನ್‌ಹೋಲ್ ತೆಗೆಸಿ ಬಗ್ಗಿ ನೋಡುತ್ತಿದ್ದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು, ಸ್ವಲ್ಪ ಹೊತ್ತಿಗೆ ನಿಂತೇಹೋಯಿತು. ಪರವಾಗಿಲ್ಲ, ಗಾಳಿಯಾಡಿತು ಅಂದುಕೊಂಡು ಇನ್ನಷ್ಟು ಬಗ್ಗಿದೆ. ಹಿಂದಿದ್ದ ವಯಸ್ಸಾದ ಮೇಸ್ತ್ರಿ ಕಾಲರ್ ಹಿಡಿದು ಎಳೆದ ರಭಸಕ್ಕೆ ಅಂಗಿ ಗುಂಡಿ ಎರಡು ಕಿತ್ತುಬಂದವು. ‘ವಾಸ್ನೆ ನಿಂತ್ರೆ ಓಡ್ಬೇಕು ಸಾ’ ಅಂದ. ಹೈಡ್ರೋಜನ್ ಸಲ್ಫೈಡ್ ಹಾಗೆಯೇ. ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ, ಪ್ರಮಾಣ ಹೆಚ್ಚಾದಾಗ ಮೊದಲು ಸಾಯಿಸುವುದು ಮೂಗನ್ನು. 2013ರ ಕಾಯ್ದೆಯ ಪ್ರಕಾರ ಸುರಕ್ಷಾ ಸಾಧನವಿಲ್ಲದೆ ಒಬ್ಬರನ್ನು ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದವರಿಗೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಳಿಸಿದ್ದು ಮನೆ ಯಜಮಾನರಾದರೂ ಕಾಯ್ದೆ ಅದೇ. ಸಣ್ಣ ಲೈನಿಗೆ ಮೇಲಿನಿಂದಲೇ ರಾಡ್ ಹಾಕಬಹುದು, ದೊಡ್ಡದಕ್ಕೆ ಜೆಟ್ಟಿಂಗ್ ಮಷಿನ್, ಸಕ್ಕಿಂಗ್ ಲಾರಿ ಇವೆ.

ಯಾರು ಮಾಡಿಸಬೇಕು ಅಂತ ಕೇಳಿದ್ದೀರಿ. ಕಾಂಪೌಂಡಿನ ಒಳಗಿನದು ಪೂರ್ತಿ ನಿಮ್ಮದು. ಬೀದಿಯ ಮೇನ್ ಲೈನ್, ಮ್ಯಾನ್‌ಹೋಲ್ ಪಾಲಿಕೆಯದು. ನಡುವಿನ ತುಂಡಿನ ರಿಪೇರಿ ಖರ್ಚು ಸಾಮಾನ್ಯವಾಗಿ ಮನೆಯವರ ಮೇಲೇ ಬೀಳುತ್ತದೆ, ಆದರೆ ರಸ್ತೆ ಅಗೆಯಲು ಅನುಮತಿ ಬೇಕು. ಕೊನೇ ಚೇಂಬರ್ ತುಂಬಿದ್ದನ್ನೂ ಮುಂದಿನ ಮ್ಯಾನ್‌ಹೋಲ್ ತುಂಬಿದ್ದನ್ನೂ ಒಂದೇ ದಿನ ಫೋಟೊ ತೆಗೆದು ವಲಯ ಕಚೇರಿಗೆ ಕೊಡಿ. ಬರೀ ‘ನೀರು ಉಕ್ಕುತ್ತೆ’ ಅಂದರೆ ನಿಮ್ಮ ಮನೆಯೊಳಗೆ ನೋಡಿಕೊಳ್ಳಿ ಅನ್ನುತ್ತಾರೆ, ಮತ್ತು ತಾರಸಿ ಪೈಪು ಚೇಂಬರಿನಲ್ಲಿ ಇರುವವರೆಗೆ ಆ ಮಾತಿಗೆ ನಿಮ್ಮ ಹತ್ತಿರ ಉತ್ತರವೂ ಇಲ್ಲ.

ಆದ್ದರಿಂದ ಆ ಪೈಪನ್ನು ಮೊದಲು ಬಿಡಿಸಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಅಂದರೆ ನಿಮ್ಮ ತಾರಸಿಗೆ ಅರವತ್ತು ಸಾವಿರ ಲೀಟರಿಗೂ ಮಿಕ್ಕಿ ಬೀಳುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಡಲು ಒಂದು ವಾಲ್ವು, ಆಮೇಲೆ ಜಲ್ಲಿ ಮರಳಿನ ಒಂದು ಡ್ರಮ್ ಫಿಲ್ಟರ್, ಅಲ್ಲಿಂದ ಬಳಕೆ ನೀರಿಗೆ ಬೇರೆ ತೊಟ್ಟಿ ಅಥವಾ ಸಂಪು. ಜಾಗ, ದುಡ್ಡು ಸದ್ಯ ಆಗದಿದ್ದರೆ ಮೋರಿಗೆ ಬಿಡಿ. ಮಳೆ ನೀರಿಗೆ ಮೋರಿಯೇ ನ್ಯಾಯವಾದ ಜಾಗ. ಇದಾದ ಮೇಲೂ ಬೀದಿಯ ಒತ್ತಡಕ್ಕೆ ಉಕ್ಕಿದರೆ ಕೊನೇ ಚೇಂಬರಿನಲ್ಲಿ ನೀರನ್ನು ಹೊರಕ್ಕೆ ಮಾತ್ರ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿಸಬಹುದು. ಆದರೆ ಅದು ಮುಚ್ಚಿಕೊಂಡಿರುವ ಹೊತ್ತಿನಲ್ಲಿ ಮೇಲಿನ ಬಾಡಿಗೆಯವರು ವಾಷಿಂಗ್ ಮಷಿನ್ ಬಿಟ್ಟರೆ ಆ ನೀರು ಹೊರಗೆ ಹೋಗಲಾರದೆ ನಿಮ್ಮ ಬಚ್ಚಲಲ್ಲೇ ಏಳುತ್ತದೆ. ಜೋರು ಮಳೆಯ ಒಂದು ಗಂಟೆ ನೀರು ಬಿಡಬೇಡಿ ಅಂತ ಅವರಿಗೆ ಮೊದಲೇ ಹೇಳಿಟ್ಟಿರಿ.

ಓಕುಳಿ ಒಂದು ಬಕೆಟ್ ಜಾಸ್ತಿ ಕಲಸಿ. ಪಕ್ಕದ ಮನೆಯವರನ್ನು ಒಪ್ಪಿಸಿ ಅವರ ತಾರಸಿ ಪೈಪಿಗೂ ಹಾಕಿಸಿ, ಎಲ್ಲಿ ಕೆಂಪಾಗುತ್ತದೆ ನೋಡಿ. ಮೂರು ವರ್ಷದಿಂದ ನಿಮ್ಮ ಬಚ್ಚಲಲ್ಲಿ ಉಕ್ಕುತ್ತಿರುವುದರಲ್ಲಿ ಅವರ ಪಾಲೂ ಇದ್ದೀತು.